ಬಾಯಿಲ್ಲದ ಮೋಗ್ಲಿ

ಮೂರು ವಾರ ಕಾದು ಜಪಾನಿನಿಂದ ತರಿಸಿಕೊಂಡ ಮೋಗ್ಲಿಗೆ ಬಾಯೇ ಇರಲಿಲ್ಲ.

ಹಳೇ ಕಾರ್ಟೂನ್ ಮಾಡುವಾಗ ಬಳಸಿದ ಅಸಲಿ ಚಿತ್ರದ ಹಾಳೆ ಅದು. ಕಣ್ಣಿತ್ತು, ಹುಬ್ಬಿತ್ತು, ಕೆದರಿದ ಕೂದಲಿತ್ತು. ಮೂಗಿನ ಕೆಳಗೆ ಮಾತ್ರ ನುಣ್ಣಗೆ ಬರೀ ಚರ್ಮದ ಬಣ್ಣ. ಹರಾಜಿನ ಫೋಟೋದಲ್ಲಿ ಇದು ನನಗೆ ಕಂಡಿರಲೇ ಇಲ್ಲ. ಅಲ್ಲಿಯ ಹರಾಜುಗಳು ಹೆಚ್ಚಾಗಿ ರಾತ್ರಿ ಹತ್ತರ ಹೊತ್ತಿಗೆ ಮುಗಿಯುತ್ತವೆ. ನಮಗೆ ಆಗ ಸಂಜೆ ಆರೂವರೆ. ನಾನು ಸಿಲ್ಕ್ ಬೋರ್ಡ್ ಹತ್ತಿರ ಆಫೀಸ್ ಕ್ಯಾಬಿನಲ್ಲಿ ಕೂತು, ಮುಂದಿನ ಬಸ್ಸಿನ ಹಿಂಭಾಗವನ್ನು ನೋಡಿ ಸಾಕಾಗಿ, ಮೊಬೈಲಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಚಿತ್ರ ನೋಡುತ್ತಾ, ಯಾರೋ ನೂರು ಯೆನ್ ಏರಿಸಿದರು ಅಂತ ನಾನೂ ನೂರು ಏರಿಸಿ, ಅವರು ಮತ್ತೆ ಏರಿಸಿ, ಕೊನೆಗೆ 4,200 ಯೆನ್ನಿಗೆ ಗೆದ್ದುಬಿಟ್ಟಿದ್ದೆ. ಗೆದ್ದ ಖುಷಿಗೆ ಆವತ್ತು ಟ್ರಾಫಿಕ್ ಕೂಡ ಕಾಣಲಿಲ್ಲ.

ಪಾರ್ಸೆಲ್ ಬಿಚ್ಚಿದಾಗ ಅಮ್ಮ ಪಕ್ಕದಲ್ಲೇ ಇದ್ದಳು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, "ಎಕ್ಸ್‌ರೇ ಹಾಳೆ ಥರ ಇದೆಯಲ್ಲೋ, ಇದಕ್ಕೆ ಎಷ್ಟು ಕೊಟ್ಟೆ?" ಅಂದಳು. ಅರ್ಧ ಹೇಳಿದೆ. ಈ ಹವ್ಯಾಸಕ್ಕೆ ಬಿದ್ದವರು ಮೊದಲು ಕಲಿಯುವುದು ಈ ಅರ್ಧ ಲೆಕ್ಕವನ್ನೇ ಇರಬೇಕು.

ಇದನ್ನು ಸೆಲ್ ಅನ್ನುತ್ತಾರೆ. ಕಂಪ್ಯೂಟರ್ ಬರುವ ಮೊದಲು ಕಾರ್ಟೂನಿನ ಪಾತ್ರಗಳನ್ನೆಲ್ಲ ಹೀಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡುತ್ತಿದ್ದರು. ಮುಂಭಾಗದಲ್ಲಿ ಗೆರೆ, ಹಿಂಭಾಗದಲ್ಲಿ ಕೈಯಲ್ಲಿ ಹಚ್ಚಿದ ಬಣ್ಣ. ಅದನ್ನು ಹಿನ್ನೆಲೆ ಚಿತ್ರದ ಮೇಲಿಟ್ಟು, ಮೇಲಿನಿಂದ ಕ್ಯಾಮೆರಾ ಹಿಡಿದು ಒಂದೊಂದೇ ಫ್ರೇಮ್ ತೆಗೆಯುವುದು. ಅರ್ಲ್ ಹರ್ಡ್ ಅನ್ನುವ ಅಮೆರಿಕದವನು 1914ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಉಪಾಯ ಏನಪ್ಪಾ ಅಂದರೆ, ಅಲುಗಾಡುವುದನ್ನು ಮಾತ್ರ ಮತ್ತೆ ಮತ್ತೆ ಬರೆಯಿರಿ, ಸುಮ್ನೆ ನಿಂತಿರೋದನ್ನು ಒಂದೇ ಸಲ ಬರೆದು ಬಿಡಿ.

ನನ್ನ ಮೋಗ್ಲಿಯ ಬಾಯಿ ಹೋಗಿದ್ದೂ ಅಲ್ಲೇ. ಟೀವಿ ಕಾರ್ಟೂನಿನಲ್ಲಿ ಪಾತ್ರ ನಿಂತುಕೊಂಡು ಮಾತಾಡುತ್ತಿದ್ದರೆ ಅಲುಗಾಡುವುದು ಬಾಯಿ ಒಂದೇ ತಾನೇ? ಹಾಗಾಗಿ ಮುಖ, ಮೈ ಎಲ್ಲ ಎ ಹಾಳೆಯಲ್ಲಿ. ಬಾಯಿ ಮಾತ್ರ ಬಿ ಹಾಳೆಯಲ್ಲಿ. ಮುಚ್ಚಿದ ಬಾಯಿ, ಅರ್ಧ ತೆರೆದ ಬಾಯಿ, ಪೂರ್ತಿ ತೆರೆದ ಬಾಯಿ, ಮೂರೇ ಚಿತ್ರ. ಅವನ್ನೇ ತಿರುಗಿಸಿ ಮುರುಗಿಸಿ ಹಾಕಿದರೆ ಡೈಲಾಗ್ ಮುಗಿಯಿತು. ನನ್ನ ಸೆಲ್ಲಿನ ಮೇಲ್ಗಡೆ ಬಲ ಮೂಲೆಯಲ್ಲಿ ಪುಟ್ಟದಾಗಿ ಎ1 ಅಂತ ಬರೆದಿತ್ತು. ಬಿ ಹಾಳೆಗಳು ಯಾರ ಮನೆಯಲ್ಲಿವೆಯೋ, ಯಾವ ಕಸಕ್ಕೆ ಹೋದವೋ.

ಮೋಗ್ಲಿಯೇ ಯಾಕೆ ಅಂತ ನನ್ನ ವಯಸ್ಸಿನವರು ಕೇಳುವುದಿಲ್ಲ. 1993ರ ಸುಮಾರಿಗೆ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಬರುತ್ತಿತ್ತಲ್ಲ, ಆ ಹಿಂದಿ ಜಂಗಲ್ ಬುಕ್. ಸಾಗರದಲ್ಲಿ ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಕೂರುತ್ತಿದ್ದೆವು. ಶೇರ್ ಖಾನ್ ಬರೋ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗೋದು. ಅದು ಜಪಾನಿನ ನಿಪ್ಪಾನ್ ಆನಿಮೇಷನ್ ಮಾಡಿದ್ದು, ಅಲ್ಲಿ 1989ರ ಅಕ್ಟೋಬರಿನಿಂದ ಮುಂದಿನ ವರ್ಷದ ತನಕ 52 ಕಂತು ಬಂದಿತ್ತು ಅನ್ನುವುದೆಲ್ಲ ಗೊತ್ತಾಗಿದ್ದು ನನಗೆ ಮೂವತ್ತು ದಾಟಿದ ಮೇಲೆ. ಆ ಕಾಲದ್ದು ಅಂದರೆ ಪೂರ್ತಿ ಸೆಲ್ಲಿನಲ್ಲೇ ಮಾಡಿರಬೇಕು, ಹಾಗಾದರೆ ಆ ಹಾಳೆಗಳೆಲ್ಲ ಎಲ್ಲಿ ಹೋದವು ಅನ್ನುವ ಪ್ರಶ್ನೆ ಒಂದು ಸಲ ತಲೆಗೆ ಹೊಕ್ಕಿತು ನೋಡಿ, ಅಲ್ಲಿಗೆ ನನ್ನ ಕಥೆ ಮುಗಿಯಿತು.

ಉತ್ತರ ಸರಳ. ಎಷ್ಟೋ ಹಾಳೆಗಳು ಕಸಕ್ಕೆ ಹೋದವು. ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋಗಳಿಗೆ ಅದು ಜಾಗ ತಿನ್ನುವ ತ್ಯಾಜ್ಯ. ಅಮೆರಿಕದಲ್ಲಿ ಮೊದಮೊದಲು ಬಣ್ಣ ತೊಳೆದು ಅದೇ ಹಾಳೆಯನ್ನು ಮತ್ತೆ ಬಳಸುತ್ತಿದ್ದದ್ದೂ ಉಂಟು. ಡಿಸ್ನಿಯವರು 1938ರಿಂದ ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವೊಸಿಯೇ ಗ್ಯಾಲರಿ ಮೂಲಕ ಮಾರತೊಡಗಿದರು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿನ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತಿದ್ದವಂತೆ. ಜಪಾನಿನಲ್ಲಿ ಅಭಿಮಾನಿಗಳಿಗೆ ಕೊಟ್ಟದ್ದು, ಕೆಲಸದವರು ನೆನಪಿಗೆ ಮನೆಗೆ ಒಯ್ದದ್ದು, ಹೀಗೆ ಉಳಿದವು ಈಗ ಕೈಯಿಂದ ಕೈಗೆ ದಾಟುತ್ತಿವೆ. ಟೋಕಿಯೋದ ನಾಕಾನೋ ಬ್ರಾಡ್‌ವೇ ಅನ್ನುವ ಹಳೇ ಕಟ್ಟಡದಲ್ಲಿ ಮಂದರಾಕೆ ಎಂಬ ಅಂಗಡಿಯಲ್ಲಿ ಇವು ಸಿಗುತ್ತವೆ. ನಾನಿನ್ನೂ ಹೋಗಿಲ್ಲ. ಹೋದರೆ ವಾಪಸ್ ಬರಲು ಟಿಕೆಟಿಗೆ ದುಡ್ಡು ಉಳಿಯುತ್ತೋ ಇಲ್ಲವೋ.

ನಿಜ ಹೇಳಬೇಕು ಅಂದರೆ ಮೋಗ್ಲಿ ನನ್ನ ಮೊದಲ ಖರೀದಿ ಅಲ್ಲ. ಅದಕ್ಕೂ ಮೊದಲು ಒಂದು ಪೆಟ್ಟು ತಿಂದಿದ್ದೆ.

ಆನ್‌ಲೈನಿನಲ್ಲಿ ಒಬ್ಬರು "ಒರಿಜಿನಲ್ ಪ್ರೊಡಕ್ಷನ್ ಸೆಲ್, ಲಯನ್ ಕಿಂಗ್" ಅಂತ ಹಾಕಿದ್ದರು. ಚಂದದ ಫ್ರೇಮ್, ಕೆಳಗೆ ಬಂಗಾರದ ಬಣ್ಣದ ಮುದ್ರೆ, ಜೊತೆಗೆ ಸರ್ಟಿಫಿಕೇಟ್. ಹತ್ತೊಂಬತ್ತು ಸಾವಿರ ಕೊಟ್ಟೆ. ಮನೆಗೆ ಬಂದ ಮೇಲೆ ಸರ್ಟಿಫಿಕೇಟ್ ಓದಿದೆ (ಮೊದಲೇ ಓದಬೇಕಿತ್ತು, ಗೊತ್ತು). ಅದರಲ್ಲೇ ಬರೆದಿತ್ತು, ಸೆರಿಸೆಲ್ ಅಂತ. ಅಂದರೆ ಸ್ಕ್ರೀನ್ ಪ್ರಿಂಟ್. ನಮ್ಮ ಮದುವೆ ಕಾಗದ ಅಚ್ಚು ಹಾಕುತ್ತಾರಲ್ಲ, ಅದೇ ಕಸುಬು, ಸ್ವಲ್ಪ ಮರ್ಯಾದೆಯಾಗಿ. ಸಾವಿರಗಟ್ಟಲೆ ಪ್ರತಿ ತೆಗೆದಿರುತ್ತಾರೆ, ಅದರಲ್ಲಿ ಮೋಸವೇನಿಲ್ಲ. ಒರಿಜಿನಲ್ ಅಂತ ಹೇಳಿ ಮಾರುವುದು ಮೋಸ.

ಇನ್ನೂ ಉರಿದದ್ದು ಆಮೇಲೆ. ಲಯನ್ ಕಿಂಗ್ ಬಂದದ್ದು 1994ರಲ್ಲಿ. ಡಿಸ್ನಿ ಅಷ್ಟರಲ್ಲಾಗಲೇ ಸೆಲ್ ಬಿಟ್ಟಿತ್ತು. 1989ರ ಲಿಟಲ್ ಮರ್ಮೇಡ್ ಅವರ ಕೊನೆಯ ಸೆಲ್ ಸಿನಿಮಾ. ಮರುವರ್ಷದಿಂದ ಬಣ್ಣ ಹಚ್ಚುವ ಕೆಲಸವೆಲ್ಲ ಕಂಪ್ಯೂಟರಿಗೆ ಹೋಯಿತು. ಅಂದರೆ ಲಯನ್ ಕಿಂಗಿನ ಅಸಲಿ ಸೆಲ್ ಅನ್ನುವ ವಸ್ತುವೇ ಈ ಭೂಮಿ ಮೇಲೆ ಇಲ್ಲ. ಇಲ್ಲದ ವಸ್ತುವಿಗೆ ಹತ್ತೊಂಬತ್ತು ಸಾವಿರ! ಯಾವ ವರ್ಷದ್ದು, ಯಾವ ಸ್ಟುಡಿಯೋ ಯಾವಾಗ ಕಂಪ್ಯೂಟರಿಗೆ ಹೋಯಿತು, ಇಷ್ಟು ನೋಡಿಕೊಂಡಿದ್ದರೆ ಸಾಕಿತ್ತು. ಜಪಾನಿನಲ್ಲಿ ಈ ಬದಲಾವಣೆ ಆಗಿದ್ದು ತೊಂಬತ್ತರ ದಶಕದ ಕೊನೆ, ಎರಡು ಸಾವಿರದ ಶುರುವಿನಲ್ಲಿ. ಸಾಜೆ-ಸಾನ್ ಅನ್ನುವ ಒಂದು ಧಾರಾವಾಹಿ ಮಾತ್ರ ಹಠ ಹಿಡಿದು 2013ರ ತನಕ ಸೆಲ್ಲಿನಲ್ಲೇ ನಡೆಯಿತು.

ಆ ಸಿಂಹದ ಮರಿ ಈಗಲೂ ಗೋಡೆ ಮೇಲಿದೆ. ಬಂದವರೆಲ್ಲ ಅದನ್ನೇ ಹೊಗಳುತ್ತಾರೆ. ಅಸಲಿ ಸೆಲ್ಲುಗಳನ್ನು ಯಾರೂ ಕೇಳುವುದಿಲ್ಲ.

ಈ ಪೆಟ್ಟಿನ ನಂತರ ಹಿಂಭಾಗ ನೋಡುವುದನ್ನು ಕಲಿತೆ. ಅಸಲಿ ಸೆಲ್ಲಿನ ಬೆನ್ನು ಚಂದ ಇರುವುದಿಲ್ಲ. ಬಣ್ಣ ದಪ್ಪಗೆ, ಅಲ್ಲಲ್ಲಿ ಉಬ್ಬಿ, ಒಂದರ ಮೇಲೊಂದು ಹತ್ತಿ, ಗೋಡೆಗೆ ಅವಸರದಲ್ಲಿ ಸುಣ್ಣ ಬಳಿದ ಹಾಗಿರುತ್ತದೆ. ಮುಂದೆ ತಿರುಗಿಸಿದರೆ ಗೆರೆಯಿಂದಾಚೆ ಕೂದಲೆಳೆಯಷ್ಟೂ ಹೋಗಿರುವುದಿಲ್ಲ. ಮೊದಲ ಸಲ ಮೋಗ್ಲಿಯನ್ನು ಹಾಗೆ ತಿರುಗಿಸಿ ನೋಡಿದಾಗ ನನಗೆ ಊರಲ್ಲಿ ಆಡುತ್ತಿದ್ದ ತೊಗಲುಗೊಂಬೆ ನೆನಪಾಯಿತು. ಪರದೆ ಮುಂದೆ ಕೂತವರಿಗೆ ಕಾಣುವುದೇ ಬೇರೆ, ಹಿಂದೆ ನುಗ್ಗಿ ನೋಡಿದ ಹುಡುಗರಿಗೆ ಕಾಣುವುದೇ ಬೇರೆ. ಬೆನ್ನು ನೋಡಿದ ಮೇಲೆ ಮೂಲೆಯ ನಂಬರ್ ನೋಡಬೇಕು. ಅಂಚಿನಲ್ಲಿ ಪೆಗ್ ತೂತುಗಳು ಇವೆಯಾ ನೋಡಬೇಕು. ನಡುವೆ ಒಂದು ದುಂಡನೆಯದು, ಎರಡು ಪಕ್ಕ ಉದ್ದನೆಯವು. ಬರೆಯುವವರಿಂದ ಹಿಡಿದು ಕ್ಯಾಮೆರಾದವರ ತನಕ ಎಲ್ಲರ ಮೇಜಿನ ಮೇಲೂ ಒಂದೇ ಅಳತೆಯ ಮೂರು ಗೂಟ. ಹಾಳೆ ಕೂದಲೆಳೆಯಷ್ಟೂ ಜಾರಬಾರದು ಅಂತ. ಕೆಲವರು ತೂತಿನ ಅಂಚು ಕತ್ತರಿಸಿ ಮಾರುತ್ತಾರೆ, ಅಂಥದ್ದು ಖೋಟಾ ಅಂತೇನಲ್ಲ, ಆದರೆ ನಾನು ತೆಗೆದುಕೊಳ್ಳುವುದಿಲ್ಲ.

ತರಿಸುವ ವ್ಯವಹಾರದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಅಲ್ಲಿಯ ಮಾರುವವರು ಹೆಚ್ಚಿನವರು ಹೊರದೇಶಕ್ಕೆ ಕಳಿಸುವುದಿಲ್ಲ. ನಡುವೆ ಏಜೆಂಟ್ ಸೈಟುಗಳಿವೆ, ಅವರು ನಮ್ಮ ಪರವಾಗಿ ಕೂಗಿ, ತಮ್ಮ ಗೋದಾಮಿಗೆ ತರಿಸಿಕೊಂಡು, ಆಮೇಲೆ ನಮಗೆ ಕಳಿಸುತ್ತಾರೆ. ಅವರ ಕಮಿಷನ್, ಅಲ್ಲಿನ ಒಳಗಿನ ಅಂಚೆ, ಇಲ್ಲಿಗೆ ಅಂಚೆ, ಮೇಲೆ ನಮ್ಮ ಕಸ್ಟಮ್ಸ್ ಸುಂಕ. ನನ್ನ 4,200 ಯೆನ್ ಅಂದರೆ ಎರಡೂವರೆ ಸಾವಿರ ರೂಪಾಯಿಯ ಹತ್ತಿರ. ಮನೆ ಬಾಗಿಲಿಗೆ ಬರುವ ಹೊತ್ತಿಗೆ ಆರು ಸಾವಿರ ಮುಟ್ಟಿತ್ತು. ಈಗ ನಾಲ್ಕೈದು ಸೇರಿಸಿ ಒಂದೇ ಪಾರ್ಸೆಲ್ ಮಾಡಿಸುತ್ತೇನೆ. ಎರಡು ಗಟ್ಟಿ ರಟ್ಟಿನ ನಡುವೆ ಇಡಿ ಅಂತ ತಪ್ಪದೆ ಬರೆಯುತ್ತೇನೆ. ಸುರುಳಿ ಸುತ್ತಿದರೆ ಬಣ್ಣ ಬಿರಿಯುತ್ತದೆ, ಮುಗಿಯಿತು.

ಈಗ ನನ್ನದೇ ದಡ್ಡತನಕ್ಕೆ ಬರೋಣ.

ಎರಡನೇ ಸೆಲ್ ಬಘೀರನದ್ದು. ಕಪ್ಪು ಮೈ, ಕೂತ ಭಂಗಿ, ಬಾಯಿಯೂ ಇದೆ! ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಕಾಗದ ಅಂಟಿಕೊಂಡೇ ಬಂದಿತ್ತು. ಇದಕ್ಕೆ ದೋಗಾ ಅನ್ನುತ್ತಾರೆ. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೆರೆ, ಆ ಗೆರೆಯನ್ನು ಕಾರ್ಬನ್ ಇಟ್ಟು ಯಂತ್ರದಲ್ಲಿ ಸೆಲ್ಲಿಗೆ ಇಳಿಸುವುದು, ಆಮೇಲೆ ಬಣ್ಣ. ಬಣ್ಣ ಪೂರ್ತಿ ಒಣಗುವ ಮೊದಲೇ ಕಾಗದ ಸೇರಿಸಿ ಕಟ್ಟಿಟ್ಟಿರುತ್ತಾರೆ, ಮೂವತ್ತು ವರ್ಷದಲ್ಲಿ ಎರಡೂ ಒಂದಾಗಿಬಿಟ್ಟಿರುತ್ತವೆ. ನನಗೆ ಪೆನ್ಸಿಲ್ ಚಿತ್ರವನ್ನು ಪೂರ್ತಿ ನೋಡುವ ಆಸೆ. ಮೂಲೆಯಿಂದ ಮೆಲ್ಲಗೆ ಎಬ್ಬಿಸಿದೆ. ಬಂತು. ಇನ್ನೂ ಸ್ವಲ್ಪ ಎಳೆದೆ. ಬಂತು. ದೋಸೆ ಕಾವಲಿಯಿಂದ ಎದ್ದು ಬಂದ ಹಾಗೆ ಚೆನ್ನಾಗೇ ಬರುತ್ತಿತ್ತು. ಮುಂಗಾಲಿನ ಹತ್ತಿರ ಬಂದಾಗ ಚಿಟ್ ಅಂತ ಸಣ್ಣ ಸದ್ದು. ಅವರೆಕಾಳಿನಷ್ಟು ಕಪ್ಪು ಬಣ್ಣ ಕಾಗದದ ಜೊತೆಗೇ ಎದ್ದು ಬಂತು. ಸೆಲ್ಲಿನಲ್ಲಿ ಅಷ್ಟು ಜಾಗ ಬರೀ ಗಾಜಿನ ಹಾಗೆ ಖಾಲಿ. ಬಘೀರನ ಮೊಣಕಾಲಿನಿಂದ ನಮ್ಮ ಮೇಜು ಕಾಣುತ್ತಿತ್ತು.

ಅಲ್ಲಿಗೆ ನಿಲ್ಲಿಸಿದೆ. ಅರ್ಧ ಎದ್ದ ಕಾಗದ ಹಾಗೇ ಇದೆ. ಈಗ ಅಂಟಿಕೊಂಡು ಬಂದದ್ದು ಅಂಟಿಕೊಂಡೇ ಇರಲಿ ಅಂತ ಬಿಟ್ಟುಬಿಡುತ್ತೇನೆ.

ಆದರೆ ಆ ಅರ್ಧ ಎದ್ದ ಕಾಗದವೇ ನನ್ನನ್ನು ಕೆಡಿಸಿದ್ದು. ಅಲ್ಲಿಯ ತನಕ ಬಣ್ಣದ ಹಾಳೆಯೇ ಅಸಲಿ ಮಾಲು, ಪೆನ್ಸಿಲ್ ಕಾಗದ ಕೊಸರು ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಜೀವ ಇದ್ದದ್ದು ಪೆನ್ಸಿಲಿನಲ್ಲಿ. ಬರೆದವರ ಕೈ ಅಲ್ಲಿದೆ. ಒತ್ತಿದ ಗೆರೆ, ಹಗುರ ಗೆರೆ, ರಬ್ಬರಿನಲ್ಲಿ ಉಜ್ಜಿದ ಮಬ್ಬು. ನೆರಳು ಎಲ್ಲಿ ಶುರುವಾಗಬೇಕು, ಬೆಳಕಿನ ಹೊಳಪು ಎಲ್ಲಿಗೆ ನಿಲ್ಲಬೇಕು ಅನ್ನುವುದಕ್ಕೆ ನೀಲಿ, ಕೆಂಪು ಪೆನ್ಸಿಲಿನ ಗೆರೆ. ಇವೆಲ್ಲ ಬಣ್ಣ ಹಚ್ಚುವವರಿಗೆ ಹೇಳಿದ ಮಾತುಗಳು, ನೋಡುವವರಿಗೆ ಅಲ್ಲ. ಅದಕ್ಕೇ ಓದಲು ಅಷ್ಟು ರುಚಿ.

ದೋಗಾಕ್ಕಿಂತ ಹಿಂದಿನ ಹಂತ ಗೆಂಗಾ. ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಮಾತ್ರ ಬರೆಯುತ್ತಾರೆ, ನಡುವಿನ ಚಿತ್ರಗಳನ್ನು ತುಂಬುವುದು ಕಿರಿಯರ ಕೆಲಸ. ಗೆಂಗಾದ ಅಂಚಿನಲ್ಲಿ ಪುಟ್ಟ ಏಣಿಯ ಥರ ಗೀರುಗಳಿರುತ್ತವೆ. ಇಲ್ಲಿಂದ ಅಲ್ಲಿಗೆ ಎಷ್ಟು ಚಿತ್ರ, ಎಲ್ಲಿ ಒತ್ತಾಗಿ, ಎಲ್ಲಿ ಬಿಡಿಬಿಡಿಯಾಗಿ ಅನ್ನುವ ಲೆಕ್ಕ. ಒತ್ತಾಗಿದ್ದರೆ ಚಲನೆ ನಿಧಾನ, ಬಿಡಿಯಾಗಿದ್ದರೆ ರಪ್ ಅಂತ. ಕೆಲವು ಕಟ್ಟಿನಲ್ಲಿ ಹಳದಿ ಬಣ್ಣದ ತೆಳು ಹಾಳೆಯೂ ಸಿಗುತ್ತದೆ. ಮೇಲಿನವರು ಆ ಚಿತ್ರದ ಮೇಲೆ ಇಟ್ಟು, ಮೂಗು ಹೀಗಲ್ಲ ಹೀಗೆ ಅಂತ ತಿದ್ದಿದ್ದು. ನನ್ನ ಬಳಿ ಇರುವ ಒಂದರಲ್ಲಿ ಕಿವಿ ಮಾತ್ರ ಇದೆ. ತೋಳದ ಒಂದು ಕಿವಿ. ಅಷ್ಟಕ್ಕೆ ಒಂದು ಹಾಳೆ ಖರ್ಚು ಮಾಡಿದ್ದಾರೆ. ನಮ್ಮ ಮೇಷ್ಟ್ರು ಕಾಪಿ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ಅಕ್ಷರ ತಿದ್ದಿಕೊಡುತ್ತಿದ್ದರಲ್ಲ, ಹಾಗೆ.

ಬೆಲೆಯಲ್ಲೂ ಪೆನ್ಸಿಲ್ ಹಾಳೆಯೇ ವಾಸಿ, ಕಡಿಮೆಗೆ ಸಿಗುತ್ತದೆ. ಸೆಲ್ಲಿಗೆ ಎಲ್ಲರೂ ಮುಗಿಬೀಳುತ್ತಾರೆ, ದೋಗಾ ಕಟ್ಟನ್ನು ಮೂಸುವವರು ಕಡಿಮೆ. ತೋಳ ಓಡುವ ಎಂಟು ಹಾಳೆಯ ದೋಗಾ ಕಟ್ಟು ನನಗೆ 1,500 ಯೆನ್ನಿಗೆ ಸಿಕ್ಕಿತು. ಎಂಟನೆಯ ಹಾಳೆಯಿಂದ ಮತ್ತೆ ಒಂದನೆಯದಕ್ಕೆ ಬಂದರೆ ತೋಳ ಎಷ್ಟು ದೂರ ಬೇಕಾದರೂ ಓಡುತ್ತದೆ. ಬೆರಳ ಸಂದಿಯಲ್ಲಿ ಹಾಳೆಗಳನ್ನು ಸಿಕ್ಕಿಸಿ ಪಟಪಟ ಮಗುಚುವುದು ಹೇಗೆ ಅಂತ ಎರಡು ಸಂಜೆ ಬಿಳಿ ಕಾಗದದಲ್ಲಿ ಅಭ್ಯಾಸ ಮಾಡಿ, ಕೈ ತೊಳೆದು ಒರೆಸಿಕೊಂಡು, ಆಮೇಲೆ ಅಸಲಿಯನ್ನು ಹಿಡಿದೆ. ಮೊದಲು ಬರೀ ನಡುಕ ಕಂಡಿತು. ಆಮೇಲೆ ಒಂದು ಕ್ಷಣ, ಹೆಚ್ಚೆಂದರೆ ಒಂದು ಸೆಕೆಂಡ್, ತೋಳದ ಬೆನ್ನು ಬಾಗಿ, ಹಿಂಗಾಲು ಮುಂಗಾಲನ್ನು ದಾಟಿ ನೆಗೆಯಿತು. ಅಕ್ಕನ ಮಗ ಪಕ್ಕದಲ್ಲಿದ್ದ. "ಮಾಮಾ, ಇನ್ನೊಂದ್ಸಲ" ಅಂದ. ಹತ್ತು ಸಲ ಆಯಿತು.

ಇಡುವ ವಿಷಯ. ಸೆಲ್ಲಿನ ಪ್ಲಾಸ್ಟಿಕ್ ಸೆಲ್ಯುಲೋಸ್ ಅಸಿಟೇಟ್. ಸೆಖೆ, ತೇವ ಎರಡೂ ಸೇರಿದರೆ ಅದು ಒಳಗೊಳಗೇ ಕೆಡಲು ಶುರುವಾಗಿ ಅಸಿಟಿಕ್ ಆಮ್ಲ ಬಿಡುತ್ತದೆ. ಆಲ್ಬಮ್ ತೆರೆದಾಗ ಗೋಬಿ ಮಂಚೂರಿ ಗಾಡಿ ಹತ್ತಿರ ನಿಂತ ಹಾಗೆ ವಿನೆಗರ್ ವಾಸನೆ ಬಂದರೆ ಎದೆ ಧಸಕ್ ಅನ್ನಬೇಕು. ಅದು ಪಕ್ಕದ ಹಾಳೆಗಳನ್ನೂ ಕೆಡಿಸುತ್ತದೆ, ಹಾಗಾಗಿ ಅಂಥದ್ದನ್ನು ತಕ್ಷಣ ಬೇರೆ ಮಾಡಿ, ಗಾಳಿ ಆಡುವ ಕಡೆ ಇಡಬೇಕು. ಸಾಗರದ ಮನೆಯಲ್ಲಿ ಅಪ್ಪ ಅಮ್ಮನ ಮದುವೆ ಆಲ್ಬಮ್ ಮಳೆಗಾಲದ ಬೂಷ್ಟಿಗೆ ಸಿಕ್ಕು ಅರ್ಧ ನೆಂಟರು ಮಾಯವಾದದ್ದನ್ನು ಕಂಡವನು ನಾನು. ಸೆಲ್ಲುಗಳನ್ನು ಊರಿಗೆ ಒಯ್ಯುವುದೇ ಇಲ್ಲ. ಇಲ್ಲಿ ಬೆಂಗಳೂರಿನಲ್ಲಿ, ಬಿಸಿಲು ಬೀಳದ ಕಪಾಟಿನಲ್ಲಿ, ಪಾಲಿಪ್ರೊಪಿಲೀನ್ ಕವರಿನ ದೊಡ್ಡ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಸ್ಟೇಷನರಿ ಅಂಗಡಿಯ ಮಾಮೂಲಿ ಪಿವಿಸಿ ಕವರ್ ಬೇಡ, ಬಣ್ಣ ಅದಕ್ಕೆ ಕಚ್ಚಿಕೊಳ್ಳುತ್ತದೆ. ಒಂದರ ಮೇಲೊಂದು ಪೇರಿಸುವುದೂ ಬೇಡ. ತಿಂಗಳಿಗೊಮ್ಮೆ ತೆರೆದು, ಗಾಳಿಯಾಡಿಸಿ, ಮೂಸಿ ನೋಡುತ್ತೇನೆ. ಮೂಸುವಾಗ ಯಾರಾದರೂ ನೋಡಿದರೆ ಮಾತ್ರ ವಿವರಿಸುವುದು ಕಷ್ಟ. ಒಬ್ಬ ಗೆಳೆಯ ಲ್ಯಾಮಿನೇಷನ್ ಮಾಡಿಸಿಬಿಡು, ಭದ್ರವಾಗಿರುತ್ತೆ ಅಂದ. ಆ ಶಾಖಕ್ಕೆ ಬಣ್ಣವೂ ಹೋಗುತ್ತದೆ, ಗೆಳೆತನವೂ ಹೋಗುತ್ತದೆ ಅಂದೆ.

ಇಷ್ಟು ಮಾಡಿದರೂ ಸೆಲ್ಲಿನ ಕಾರ್ಬನ್ ಗೆರೆ ವರ್ಷಗಳಲ್ಲಿ ಕಂದಿ ಮಾಸುವುದುಂಟು. ನನ್ನ ಮೋಗ್ಲಿಯ ಹೆಗಲ ಹತ್ತಿರ ಗೆರೆ ಈಗಾಗಲೇ ಕಾಫಿ ಬಣ್ಣಕ್ಕೆ ತಿರುಗಿದೆ. ಪೆನ್ಸಿಲ್ ಹಾಗಲ್ಲ. ಒಳ್ಳೆಯ ಕಾಗದ, ಒಣ ಜಾಗ ಇದ್ದರೆ ನನಗಿಂತ ಜಾಸ್ತಿ ಬಾಳುತ್ತದೆ.

ಆಸೆ ಇನ್ನೂ ಇದೆ, ಇಲ್ಲ ಅನ್ನಲಾರೆ. ಯುಗೋ ಸಾಕೋ ಮುಂದೆ ನಿಂತು ಸೆಲ್ ಕಾಲದಲ್ಲೇ ಮಾಡಿದ ಜಪಾನ್-ಭಾರತದ ಹಳೇ ರಾಮಾಯಣ ಕಾರ್ಟೂನ್ ಸಿನಿಮಾ 2025ರ ಜನವರಿಯಲ್ಲಿ ಇಲ್ಲಿ ಥಿಯೇಟರಿಗೆ ಬಂತಲ್ಲ, ಎರಡು ಸಲ ನೋಡಿದೆ. ಎರಡನೇ ಸಲ ಕಥೆ ನೋಡಲಿಲ್ಲ, ಯಾವ ಹಾಳೆ ಎ, ಯಾವುದು ಬಿ ಅಂತಲೇ ನೋಡುತ್ತಾ ಕೂತಿದ್ದೆ. ಅದರ ಒಂದು ಹನುಮಂತ ಸಿಕ್ಕರೆ ಸಾಕು. ಕೈಯಲ್ಲಿ ಬರೆದ ಹಿನ್ನೆಲೆ ಚಿತ್ರ ಬೇಕು ಅಂತಲೂ ಇತ್ತು, ಆದರೆ ಒಂದು ಹಿನ್ನೆಲೆಯ ಮೇಲೆ ಎಷ್ಟೋ ಸೆಲ್ ಹಾದುಹೋಗಿರುತ್ತವೆ, ಹಾಗಾಗಿ ಅವು ಕಡಿಮೆ, ಬೆಲೆ ನನ್ನ ಕೈಗೆ ಎಟುಕುವುದಲ್ಲ. ಮಾರುವವರು ಅಂದವಾಗಿ ಕಾಣಲಿ ಅಂತ ಹಿಂದೆ ಕಲರ್ ಜೆರಾಕ್ಸ್ ಇಟ್ಟಿರುತ್ತಾರೆ, ಅದಕ್ಕೆ ದುಡ್ಡು ಜಾಸ್ತಿ ಕೊಡಬೇಡಿ.

ಹೋದ ತಿಂಗಳು ಒಂದು ಕಟ್ಟಿನಲ್ಲಿ ಬಾಯಿಗಳು ಬಂದವು. ಯಾರಿಗೂ ಬೇಡವಾದ ಚಿಲ್ಲರೆ ಸೆಲ್ಲುಗಳ ಕಟ್ಟು, ಅದರಲ್ಲಿ ಮೂರು ಹಾಳೆ: ಬಿ1, ಬಿ2, ಬಿ3. ಅಷ್ಟು ದೊಡ್ಡ ಖಾಲಿ ಹಾಳೆಯ ನಡುವೆ ಉಗುರಿನಷ್ಟು ಒಂದೊಂದು ಬಾಯಿ. ಅದೇ ಧಾರಾವಾಹಿ, ಚರ್ಮದ ಬಣ್ಣವೂ ಅದೇ. ಆನ್‌ಲೈನಿನಲ್ಲಿ ತರಿಸಿದ್ದ ಪೆಗ್ ಬಾರ್ ಅಮೆರಿಕದ ಅಳತೆಯದ್ದು, ಜಪಾನಿನ ತೂತಿಗೆ ಕೂರಲಿಲ್ಲ. ಕೊನೆಗೆ ಕಿಟಕಿ ಗಾಜಿಗೆ ತೆಳು ಬಿಳಿ ಕಾಗದ ಅಂಟಿಸಿ, ಮೋಗ್ಲಿಯನ್ನು ಕವರಿನೊಳಗೇ ಇಟ್ಟು, ಮೇಲೆ ಬಿ3 ಹಾಳೆಯ ಕವರ್ ಇಟ್ಟು, ತೂತಿಗೆ ತೂತು ಸರಿಯಾಗಿ ಹೊಂದಿಸಿದೆ. ಬೇರೆ ದೃಶ್ಯದ ಬಾಯಿ ಅದು, ಬೇರೆ ಕಡೆ ನೋಡುತ್ತಿದ್ದ ಮುಖದ್ದು. ಪೂರ್ತಿ ತೆರೆದ ಬಾಯಿ ಹೋಗಿ ಎಡಕಿವಿಯ ಕೆಳಗೆ ಕೂತಿತು.

ನಾನು ಹಾಳೆಯನ್ನು ಬಲಕ್ಕೆ ಸರಿಸಲು ಹೋದೆ. ಅಕ್ಕನ ಮಗ ಕೈ ಹಿಡಿದ. "ಬೇಡ ಮಾಮಾ, ಹಿಂಗೇ ಇರ್ಲಿ. ಕಿವಿಯಲ್ಲಿ ಕೂಗ್ತಿದಾನೆ."